ಚಿಲಕ ಹಾಕದ ದಿನಚರಿ

ಆ ಶುಕ್ರವಾರ ಸಂಜೆ ಒಮಾನಿನ ಸಲಾಲಾದಲ್ಲಿ ಅಬ್ಬಾಸ್ ಬ್ಯಾರಿಗಳ ಬಟ್ಟೆ ಗೋದಾಮಿನ ಮೇಲಂತಸ್ತಿನಲ್ಲಿ ನಾವು ಅರುವತ್ತು ಎಪ್ಪತ್ತು ಮಂದಿ ಸೇರಿದ್ದೆವು. ಎದುರಿನ ಸಾಲಿನ ಕುರ್ಚಿಗಳಲ್ಲಿ ಹೆಂಗಸರು; ಅವರ ಹಿಂದೆ ಬೆಂಗಳೂರು, ಮೈಸೂರು ಕಡೆಯ ಎಂಜಿನಿಯರುಗಳು, ಬ್ಯಾಂಕಿನವರು; ಗೋಡೆಗೆ ಒರಗಿ ನಿಂತವರು ನಮ್ಮ ಕರಾವಳಿಯ ಹೋಟೆಲಿನವರು, ಗ್ಯಾರೇಜಿನವರು. ಬಟ್ಟೆಯ ಥಾನುಗಳನ್ನು ಒಂದು ಕಡೆಗೆ ಒಟ್ಟಿ, ನಾಲ್ಕು ಮೇಜು ಜೋಡಿಸಿ, ಮೇಲೆ ಜಮಖಾನ ಹಾಸಿ ವೇದಿಕೆ ಮಾಡಿದ್ದು ಬ್ಯಾರಿಗಳೇ. ಭಾಗವತರು ಬಂದರಿನಲ್ಲಿ ವೆಲ್ಡರ್. ಮದ್ದಳೆಯವರು ಬರ್ಕಾದಿಂದ ಇಡೀ ಹಗಲು ಬಸ್ಸಿನಲ್ಲಿ ಕೂತು ಬಂದಿದ್ದರು. ಭಾಗವತರ ಬಲಕ್ಕೆ ನನ್ನ ಎದುರು ಮಾತಾಡಲಿದ್ದವರು, ಎಡಕ್ಕೆ ನಾನು. ಆ ಸಂಜೆಯ ಕತೆಯಲ್ಲಿ ಅವರು ಗಂಡ, ನಾನು ಹೆಂಡತಿ. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಅವರ ನಿಜವಾದ ಹೆಂಡತಿ ಹತ್ತು ವರ್ಷದ ಮಗಳ ಜಡೆ ಹೆಣೆಯುತ್ತಾ ಕೂತಿದ್ದರು. ಎರಡು ಸಾವಿರದ ಐದನೇ ಇಸವಿ. ಜಿನುಗು ಮಳೆಯ ತಿಂಗಳುಗಳು ಆಗಷ್ಟೇ ಮುಗಿದು, ಥಾನುಗಳಿಂದ ಇನ್ನೂ ಮುಗ್ಗಲು ವಾಸನೆ ಬರುತ್ತಿತ್ತು.

ಮೈಸೂರಿನ ಒಬ್ಬ ಹೆಂಗಸು ವೇಷ ಯಾವಾಗ ಹಾಕುತ್ತೀರಿ ಎಂದು ಕೇಳಿದ್ದರು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತೂ ಇಲ್ಲ, ಭಾಗವತರು ಪದ ಹೇಳಿದ ಮೇಲೆ ಕೂತವರು ಆ ಪಾತ್ರವಾಗಿ ಆ ಕ್ಷಣಕ್ಕೆ ಹುಟ್ಟಿದ ಮಾತು ಆಡಬೇಕು, ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ ಎಂದು ವಿವರಿಸಿದೆ. ಎದುರಿನವರ ಮಾತಿನ ಎಳೆ ಹಿಡಿದು ಉತ್ತರ ಕೊಡಲೇಬೇಕು, ಬಿಟ್ಟರೆ ಸೋತ ಹಾಗೆ ಎಂದೂ ಹೇಳಿದೆ. ಅಂದರೆ ಜಗಳ ಅನ್ನಿ, ಎಂದರು ಅವರು. ಹೌದು, ಚಕ್ಕಳಮಕ್ಕಳ ಹಾಕಿ ಕೂತು ಆಡುವ ಜಗಳ ಎಂದೆ. ಅವರು ನಕ್ಕರು. ಅಷ್ಟು ಹೊತ್ತಿಗೆ ನಾನೂ ನಗುತ್ತಲೇ ಇದ್ದೆ.

ಗಂಡನಾಗಿ ಕೂತವರ ಹೆಸರು ಬರೆಯುವುದಿಲ್ಲ. ನಾನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಇಲ್ಲಿಯೂ ಹಾಗೆಯೇ ಇರಲಿ. ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಹೋದ ತಿಂಗಳು ಅಣ್ಣನೂ ಹೋದ ಸುದ್ದಿ ಮಂಗಳೂರಿನಿಂದ ಬಂತು. ಮಗಳು ಪರದೇಶದಲ್ಲಿದ್ದಾಳೆ, ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇಷ್ಟೆಲ್ಲ ಖಾತ್ರಿ ಮಾಡಿಕೊಂಡ ಮೇಲೆ ನನಗೆ ಬರೆಯುವ ಧೈರ್ಯ ಬಂದಿದೆ. ಇದು ಮೆಚ್ಚುವಂಥ ಧೈರ್ಯವೇನೂ ಅಲ್ಲ.

ಅಣ್ಣ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆಗಳನ್ನು ಕಾಯುವ ಕೆಲಸದಲ್ಲಿದ್ದರು. ಹೊಸ ನಕ್ಷೆ ಬಂದ ಕೂಡಲೇ ಹಳೆಯದಕ್ಕೆ ರದ್ದು ಎಂಬ ಕೆಂಪು ಮೊಹರು ಒತ್ತಿ ಕಪಾಟಿಗೆ ಸೇರಿಸುವುದು. ಆ ಮೊಹರನ್ನೂ ಅವರು ಸುಮ್ಮನೆ ಒತ್ತಿದವರಲ್ಲ. ಕೈ ಎತ್ತಿ, ಒಂದು ಗಳಿಗೆ ತಡೆದು, ರಾಜ ತೀರ್ಪು ಕೊಟ್ಟ ಹಾಗೆ ಇಳಿಸುತ್ತಿದ್ದರು. ಗಿಡ್ಡ ಆಳು, ಅರ್ಧ ತೋಳಿನ ಬಿಳಿ ಅಂಗಿ, ದಪ್ಪ ಕನ್ನಡಕ. ಉತ್ತರ ಹೇಳುವ ಮೊದಲು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುವುದು ಅಭ್ಯಾಸ. ಉತ್ತರ ಸಣ್ಣದಾದರೆ ಒಂದು ಗಾಜು, ದೊಡ್ಡದಾದರೆ ಎರಡೂ ಗಾಜು ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು.

ಒಮ್ಮೆ ತಪ್ಪು ದಾರಿಯಲ್ಲಿ ಕಾರು ನುಗ್ಗಿಸಿ ಪೊಲೀಸನ ಕೈಗೆ ಸಿಕ್ಕಿದರು. ಅಕ್ಕ, ನಾನು ಹಿಂದಿನ ಸೀಟಿನಲ್ಲಿದ್ದೆವು. ಅಣ್ಣ ಇಳಿದು, ಎರಡೂ ಗಾಜು ಒರೆಸಿ, ಅರ್ಧ ಹಿಂದಿ, ಕಾಲು ಅರಬ್ಬಿ, ಉಳಿದದ್ದು ಕನ್ನಡದಲ್ಲಿ ವಾದ ಹೂಡಿದರು: ದಾರಿ ಮೊದಲೋ, ದಾರಿಯ ಫಲಕ ಮೊದಲೋ, ಫಲಕ ನೆಡುವ ಮೊದಲು ಈ ದಾರಿಯಲ್ಲಿ ಒಂಟೆಗಳು ಯಾವ ಕಡೆಯಿಂದ ಬರುತ್ತಿದ್ದವು. ಪೊಲೀಸನಿಗೆ ಒಂಟೆ ಎಂಬುದೊಂದು ಅರ್ಥವಾಯಿತೋ ಏನೋ, ನಗುತ್ತಾ ಕೈ ಬೀಸಿ, ಯಲ್ಲಾ, ಹೋಗು ಎಂದ. ಕಾರು ಹತ್ತಿದ ಅಣ್ಣನಿಗೆ ಗೆದ್ದ ಸಂತೋಷವೇ ಇಲ್ಲ. ಎದುರಾಳಿ ಉತ್ತರ ಕೊಡದೆ ಬಿಟ್ಟುಬಿಟ್ಟರೆ ಅದು ಗೆಲುವಲ್ಲ, ಭಿಕ್ಷೆ ಎಂದು ದಾರಿಯುದ್ದಕ್ಕೂ ಗೊಣಗಿದರು. ಅಕ್ಕ ಹಿಂದಿನಿಂದ, ಭಿಕ್ಷೆ ಬೇಡದಿದ್ದರೆ ವಾಪಸು ಹೋಗಿ ದಂಡ ಕಟ್ಟಿ ಬನ್ನಿ ಎಂದರು.

ನಾನು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಹೆರಿಗೆ ವಾರ್ಡಿನಲ್ಲಿ ಹನ್ನೆರಡು ವರ್ಷ ದುಡಿದು ನನ್ನ ಅರಬ್ಬಿ ಚೆನ್ನಾಗಿಯೇ ಪಳಗಿತ್ತು. ಕನ್ನಡ ಮಾತ್ರ ಅಜ್ಜನದ್ದು, ಅಜ್ಜನ ಅಕ್ಕನದ್ದು. ಆ ಇಬ್ಬರ ಜಗಳ ಕೇಳಿ ಕೇಳಿಯೇ ನಾನು ಮಾತು ಕಲಿತದ್ದು. ಅಣ್ಣನಿಗೆ ಅದು ಗೊತ್ತಿತ್ತು. ನಾನು ಏನಾದರೂ ಹೇಳಿದರೆ, 'ಈ ಮಾತು ನಿನ್ನ ಅಜ್ಜಂದಾ, ಪೇಪರಿಂದಾ?' ಎಂದು ಕೇಳುವರು. ಪೇಪರಿನದ್ದೆಂದರೆ ಮುಖ ತಿರುವುವರು. ಹೆಣ್ಣಿನ ಪಾತ್ರಕ್ಕೆ ನನ್ನನ್ನು ಕೂರಿಸಿದವರೂ ಅವರೇ. ಗಂಡಸರೇ ಹೆಣ್ಣಾಗಿ ಅರ್ಥ ಹೇಳಿ ಹೇಳಿ, ಹೆಣ್ಣು ಹೇಗೆ ಮಾತಾಡುತ್ತಾಳೆ ಎಂಬುದೇ ನಮಗೆ ಮರೆತುಹೋಗಿದೆ ಎನ್ನುತ್ತಿದ್ದರು. ಇಷ್ಟು ತಿಳಿದಿದ್ದ ಮನುಷ್ಯ ತನ್ನ ಮನೆಯಲ್ಲಿ ಹಾಗೇಕೆ ನಡೆದುಕೊಂಡರು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಅಕ್ಕನ ತಂದೆ ಅಣ್ಣನ ಗುರು. ಊರಿನಲ್ಲಿ ಹೆಸರಾಂತ ಅರ್ಥಧಾರಿ. ಅವರ ಎದುರು ಕೂರಲು ದೊಡ್ಡ ದೊಡ್ಡವರೂ ಅಂಜುತ್ತಿದ್ದರಂತೆ. ಅಣ್ಣ ಗಲ್ಫಿಗೆ ಹೊರಡುವ ವಾರ ಊರವರು ಒಂದು ಕೂಟ ಇಟ್ಟರು. ಮಾವ ರಾಜ, ಅಳಿಯ ಮಂತ್ರಿ. ಮಂತ್ರಿ ಸತ್ಯದ ಬಗ್ಗೆ ಉದ್ದಕ್ಕೆ ಮಾತಾಡಿದ. ರಾಜ ಒಂದೇ ಪ್ರಶ್ನೆ ಕೇಳಿದ: ಹೊಟ್ಟೆಗಾಗಿ ನೆಲವನ್ನೇ ಬಿಟ್ಟು ಹೊರಟವನು ಯಾವ ನೆಲದ ಮೇಲೆ ನಿಂತು ಸತ್ಯ ಹೇಳುತ್ತಾನೆ? ಸಭೆಗೆ ಅದು ಯಾರಿಗೆ ತಗುಲಿದ್ದು ಎಂದು ಗೊತ್ತಾಗಿ ಚಪ್ಪಾಳೆ ಬಿತ್ತು. ಅಣ್ಣನಿಗೆ ಉತ್ತರ ಹೊಳೆಯಲಿಲ್ಲ. ಭಾಗವತರು ಮುಂದಿನ ಪದ ಎತ್ತಿ ಮಾನ ಉಳಿಸಿದರು. ಈ ಕತೆಯನ್ನು ಅಣ್ಣ ನಗುತ್ತಲೇ ಹೇಳುತ್ತಿದ್ದರು, ನಾವು ನಗುತ್ತಲೇ ಕೇಳುತ್ತಿದ್ದೆವು. ಕೂಟದಲ್ಲಿ ಆಡಿದ ಮಾತು ಕೂಟದಲ್ಲೇ ಮುಗಿಯಬೇಕು ಎಂಬುದು ನಮ್ಮ ಕ್ರಮ. ಮುಗಿದಿದೆ ಎಂದೇ ಎಲ್ಲರೂ ತಿಳಿದಿದ್ದೆವು.

ಎರಡು ಸಾವಿರದ ಒಂದರಲ್ಲಿ ಆ ಮಾವ ತೀರಿಕೊಂಡರು. ಫೋನು ಬಂದದ್ದು ಅಣ್ಣನ ಆಫೀಸಿಗೆ. ಆಗ ವೀಸಾದ ಕೆಲಸಕ್ಕೆಂದು ಮೂವರ ಪಾಸ್‌ಪೋರ್ಟೂ ಆಫೀಸಿನಲ್ಲಿತ್ತು. ಅಣ್ಣ ಮನೆಗೆ ಬಂದು, ಕಫೀಲ್ ಪಾಸ್‌ಪೋರ್ಟ್ ಕೊಡುತ್ತಿಲ್ಲ, ದಾರಿ ಇಲ್ಲ ಎಂದರು. ಕಫೀಲ್ ಎಂದರೆ ಕಂಪನಿಯ ಒಡೆಯ, ನಮ್ಮನ್ನು ಆ ದೇಶದಲ್ಲಿ ಇರಿಸಿಕೊಂಡವನು. ಹಾಗೆ ಮಾಡುವ ಕಫೀಲರನ್ನು ನಾವೆಲ್ಲ ಕಂಡವರೇ, ಆದ್ದರಿಂದ ಯಾರೂ ಎರಡನೇ ಮಾತು ಕೇಳಲಿಲ್ಲ. ಊರಿನಲ್ಲಿ ಅಕ್ಕನಿಗಾಗಿ ಒಂದು ಹಗಲು ಹೆಣ ಇಟ್ಟುಕೊಂಡು ಕಾದು, ಸಂಜೆ ಬೆಂಕಿ ಕೊಟ್ಟರು. ಅಕ್ಕ ಒಬ್ಬಳೇ ಮಗಳು.

ಆ ದಿನದಿಂದ ಅಕ್ಕನ ಬಾಯಲ್ಲಿ ಕಫೀಲ್ ಎಂದರೆ ಒಂದು ಶಾಪ. ಅವನ ಮನೆಯಿಂದ ಹಬ್ಬಕ್ಕೆ ಬರುವ ಖರ್ಜೂರದ ಡಬ್ಬಿ ಹಾಗೆಯೇ ಕಾವಲುಗಾರನಿಗೆ ಹೋಗುತ್ತಿತ್ತು. ಎದುರು ಬಂದರೆ ಸಲಾಂ ಹೇಳಬಾರದೆಂದು ಮಗಳಿಗೆ ಕಲಿಸಿದ್ದರು. ಅವನ ಮನೆಯ ಹೆಂಗಸರೂ ಹಾಗೆಯೇ ಹುಟ್ಟಿದ ಮನೆಯ ಮುಖ ಕಾಣದೆ ಸಾಯಲಿ ಎಂದು ಅಕ್ಕ ಹೇಳುವಾಗ ಅಣ್ಣ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದುದನ್ನು ನಾನು ಕಂಡಿದ್ದೇನೆ.

ಇನ್ನು ಆ ಜಪಾನಿನ ಪುಸ್ತಕದ ಮಾತು. ನನ್ನ ಗಂಡ ಬಂದರಿನಲ್ಲಿ ಕ್ರೇನು ನೋಡಿಕೊಳ್ಳುವವರು. ಕ್ರೇನು ಜೋಡಿಸಲು ಬಂದಿದ್ದ ಜಪಾನಿನ ಎಂಜಿನಿಯರೊಬ್ಬ ಹೊರಡುವಾಗ ಒಂದು ಕಾದಂಬರಿ ಬಿಟ್ಟುಹೋಗಿದ್ದ, ಇಂಗ್ಲಿಷಿಗೆ ಆದದ್ದು. ನಾನು ನಾಲ್ಕು ಪುಟ ಓದಿ ಅಣ್ಣನಿಗೆ ಕೊಟ್ಟೆ. ಗಂಡ ಒಂದು ದಿನಚರಿ ಬರೆಯುತ್ತಾನೆ, ಹೆಂಡತಿ ಇನ್ನೊಂದು ಬರೆಯುತ್ತಾಳೆ. ಇಡೀ ಕಾದಂಬರಿ ಅಷ್ಟೇ. ಒಬ್ಬರದನ್ನು ಒಬ್ಬರು ಕದ್ದು ಓದುತ್ತಾರೆ ಎಂಬ ಗುಮಾನಿ ಇಬ್ಬರಿಗೂ ಇದೆ, ಆದರೂ ಬರೆಯುತ್ತಾರೆ.

ಮೂರನೇ ದಿನ ಅಣ್ಣ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಡುವ ಮೊದಲೇ ಮಾತು ಶುರು. 'ಇದು ನಮ್ಮ ತಾಳಮದ್ದಳೆ ಮಾರಾಯ್ತಿ. ಆ ಪುಣ್ಯಾತ್ಮನಿಗೆ ಗೊತ್ತಿಲ್ಲದೆ ಬರ್ದಿದ್ದಾನೆ.'

ಹೇಗೆ ಎಂದೆ. ಚಹಾ ಆರುವ ತನಕ ವಿವರಿಸಿದರು. ಇಬ್ಬರೂ ಕೂತಲ್ಲಿಂದ ಏಳುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದಿಲ್ಲ, ಆದರೆ ಅವನ ಹಿಂದಿನ ಪುಟದ ಮಾತಿಗೆ ಇವಳ ಈ ಪುಟದಲ್ಲಿ ಉತ್ತರ ಇದೆ. ಯಾರೂ ಓದಬಾರದು ಎಂದು ಬರೆಯುವುದೇ ಸಭೆಗೆ ಕೈ ಮುಗಿದ ಹಾಗೆ. ಪುಸ್ತಕ ಅಡಗಿಸಿಡುವ ಜಾಗ ಉಂಟಲ್ಲ, ಅದೇ ವೇಷ ಕಟ್ಟುವ ಚೌಕಿ. ಅಲ್ಲಿ ಬಣ್ಣ ಹಚ್ಚಿಕೊಂಡೇ ಮಾತು ಹೊರಗೆ ಬರುವುದು. ಅಲ್ಲಿ ಇಟ್ಟದ್ದನ್ನು ಒಂದು ಗೇಣು ಸರಿಸಿ ಇಟ್ಟರೆ, ಪಾತ್ರ ಪ್ರವೇಶವಾಯಿತು ಎಂದೇ ಲೆಕ್ಕ. ಎಲ್ಲಕ್ಕಿಂತ ಹೆಚ್ಚಾಗಿ, ಆಡಿದ್ದು ಸುಳ್ಳೋ ನಿಜವೋ ಎಂದು ಓದುವವರಿಗೆ ತಿಳಿಯುವುದಿಲ್ಲ. ಅವರು ಬರೀ ಚಂದ ನೋಡುತ್ತಾ ಕೂತಿರುತ್ತಾರೆ.

ಆಮೇಲೆ ಕನ್ನಡಕ ತೆಗೆದು ಎರಡೂ ಗಾಜು ಒರೆಸಿದರು. 'ದಿನಚರಿ ಬರಿಯುವವ ಮೊದ್ಲು ಬಾಗಿಲು ಹಾಕ್ತಾನೆ. ಆಮೇಲೆ ಚಿಲಕ ಹಾಕ್ಲಿಕ್ಕೆ ಮರೀತಾನೆ. ಆ ಮರೆವು ಉಂಟಲ್ಲ, ಅದೇ ನಾಟಕ.'

ಇದನ್ನು ಕೂಟಕ್ಕೆ ಇಳಿಸಬೇಕು ಎಂದು ಹಟ ಹಿಡಿದರು. ನಮ್ಮ ಕನ್ನಡ ಬಳಗದಲ್ಲಿ ಗುಸುಗುಸು ಎದ್ದಿತು, ಅದರಲ್ಲಿ ಮಕ್ಕಳೆದುರು ಆಡಬಾರದ ಸಂಗತಿ ಇದೆಯಂತೆ ಎಂದು. ಅಣ್ಣ ಅದನ್ನೆಲ್ಲ ಬಿಟ್ಟು, ಗಂಡ ಹೆಂಡತಿ, ಎರಡು ಪುಸ್ತಕ, ಇಷ್ಟನ್ನು ಮಾತ್ರ ಉಳಿಸಿಕೊಂಡು ತಾವೇ ಹತ್ತು ಹನ್ನೆರಡು ಪದ ಕಟ್ಟಿದರು. ಅಬ್ಬಾಸ್ ಬ್ಯಾರಿಗಳು, ಜಾಗ ನಾನು ಕೊಡುತ್ತೇನೆ, ಆದರೆ ಕೊನೆಗೆ ಗಂಡನಿಗೆ ಸ್ವಲ್ಪ ಮರ್ಯಾದೆ ಉಳಿಸಿ ಎಂದು ಕೇಳಿಕೊಂಡರು.

ಅಭ್ಯಾಸಕ್ಕೆ ಅಣ್ಣ ಒಂದು ಉಪಾಯ ಹುಡುಕಿದರು. ಗಂಡನ ದಿನಚರಿಯನ್ನು ನಾನು ಬರೆದು ಕೊಡುತ್ತೇನೆ, ನೀನು ಓದು. ಕೂಟದ ದಿನ ಅದರಿಂದ ಯಾವ ಎಳೆ ಬೇಕೋ ಹಿಡಿ, ನನಗೆ ಮೊದಲೇ ಹೇಳಬೇಡ ಎಂದರು. ಹದಿನೈದು ದಿನಕ್ಕೆ ಒಂದು ನೋಟ್‌ಬುಕ್ ತುಂಬಿಸಿ ತಂದರು. ಕಂಪನಿಯ ನೀಲಿ ರಟ್ಟಿನ ಪುಸ್ತಕ, ಮುತ್ತಿನಂಥ ಅಕ್ಷರ. ನಾನು ಕೂತಲ್ಲೇ ಓದಿ ಮುಗಿಸಿದೆ. ಅದರಲ್ಲಿ ಬಡಗಣ ಜಪಾನಿನ ಒಂದು ಹಿಮದ ಊರು. ಗಂಡ ಅಲ್ಲಿಂದ ದೂರದ ಪಟ್ಟಣದಲ್ಲಿ ಗುಮಾಸ್ತ. ಹೆಂಡತಿಯ ತಂದೆ ಹಳ್ಳಿಯಲ್ಲಿ ದೊಡ್ಡ ಕಲಾವಿದ, ಅಳಿಯನಿಗೆ ಕಲಿಸಿದವನು. ಅವನು ಸತ್ತ ತಂತಿ ಬರುತ್ತದೆ. ಗಂಡ ನಿಲ್ದಾಣಕ್ಕೆ ಹೋಗಿ, ಬಾಗಿಲ ತನಕ ಹೋಗಿ, ರೈಲಿದೆಯೇ ಎಂದೂ ಕೇಳದೆ ತಿರುಗಿ ಬರುತ್ತಾನೆ. ಹಿಮ ಬಿದ್ದು ರೈಲು ನಿಂತಿದೆ ಎಂದು ಹೆಂಡತಿಗೆ ಹೇಳುತ್ತಾನೆ. ಹೊಸ್ತಿಲಲ್ಲಿ ನಿಂತು, ಒಂದು ಕಾಲಿನ ಬೂಟು ಕಳಚಿ, ಇನ್ನೊಂದು ಕಳಚದೆ, ದಾರಿ ಇಲ್ಲ, ದಾರಿ ಇಲ್ಲ ಎಂದು ಎರಡು ಸಲ ಹೇಳುತ್ತಾನೆ. ಸತ್ತವನ ಎದುರು ಹೋಗಿ ನಿಲ್ಲಲು ತನ್ನಲ್ಲಿ ಉತ್ತರ ಇರಲಿಲ್ಲ ಎಂದು ಕೊನೆಗೆ ಬರೆದುಕೊಳ್ಳುತ್ತಾನೆ.

ನನಗೆ ಆಗ ಹೊಳೆಯಬೇಕಿತ್ತು. ಮಾವನ ಪ್ರಶ್ನೆ ಗೊತ್ತಿತ್ತು, ಪಾಸ್‌ಪೋರ್ಟಿನ ಕತೆ ಗೊತ್ತಿತ್ತು. ಎರಡನ್ನು ಕೂಡಿಸಲು ಬಾರದಷ್ಟು ಪೆದ್ದಿಯೂ ನಾನಲ್ಲ. ಆದರೆ ಹಿಮ, ರೈಲು, ತಂತಿ ಎಂಬ ಬಣ್ಣ ನೋಡಿ, ಎಂಥ ಕಲ್ಪನೆ ಎಂದು ಮೆಚ್ಚುತ್ತಾ ಕೂತೆ. ಕೂಟದಲ್ಲಿ ಹಿಡಿಯಲು ಎಳೆ ಸಿಕ್ಕಿತೆಂಬ ಸಂತೋಷವೊಂದೇ ತಲೆಯಲ್ಲಿತ್ತು. ಹೊಳೆದೂ ಹೊಳೆಯದ ಹಾಗೆ ಇದ್ದೆನೋ ಏನೋ. ಅದನ್ನು ಪ್ರಮಾಣ ಮಾಡಿ ಹೇಳಲಾರೆ.

ಗೋದಾಮಿನ ಆ ಸಂಜೆ ಮೊದಲ ಒಂದು ಗಂಟೆ ಚೆನ್ನಾಗಿ ನಡೆಯಿತು. ಗಂಡ, ತನ್ನ ಹೆಂಡತಿ ತನ್ನ ಪುಸ್ತಕ ಮುಟ್ಟುವಷ್ಟು ಕೀಳಲ್ಲ ಎಂದು ಹೊಗಳುತ್ತಾ, ಪುಸ್ತಕ ಯಾವ ಕಪಾಟಿನ ಎಷ್ಟನೇ ಹಲಗೆಯಲ್ಲಿದೆ ಎಂದು ವಿವರವಾಗಿ ಹೇಳಿದ. ಸಭೆ ನಕ್ಕಿತು. ನಾನು, ಆ ಕಪಾಟಿನ ಧೂಳು ಒರೆಸುವವಳು ನಾನೇ, ಆದ್ದರಿಂದ ಆ ಹಲಗೆಯನ್ನು ಬಿಟ್ಟು ಉಳಿದದ್ದನ್ನು ಒರೆಸುತ್ತೇನೆ ಎಂದೆ. ಮತ್ತೆ ನಗು. ಗಂಡ ಸತ್ಯದ ಕಡೆಗೆ ತಿರುಗಿದ. ತಾನು ಹೆಂಡತಿಗೆ ಒಂದೇ ಒಂದು ಸುಳ್ಳನ್ನೂ ಹೇಳಿದವನಲ್ಲ, ಹೇಳಿದ್ದರೆ ಅದನ್ನು ತೋರಿಸಲಿ ಎಂದು ಪಂಥ ಕಟ್ಟಿದ. ಇಂಥ ಪಂಥಕ್ಕೆ ಉತ್ತರ ಕೊಡದೆ ಕೂತರೆ ಅಜ್ಜನ ಮೊಮ್ಮಗಳಾಗಿ ನಾನು ಹುಟ್ಟಿದ್ದೇ ದಂಡ.

'ಆ ದಿನ ಹಿಮ ಬಿದ್ದಿರಲಿಲ್ಲ,' ಎಂದು ಶುರು ಮಾಡಿದೆ. 'ಹಳಿ ತೆರೆದಿತ್ತು, ರೈಲು ಹೊರಟಿತ್ತು. ನೀವು ಕೇಳಲೇ ಇಲ್ಲ. ನನ್ನ ತಂದೆಯ ಹೆಣ ನನಗಾಗಿ ಒಂದು ಹಗಲು ಕಾದಿತು. ನೀವು ಒಂದು ಕಾಲಿನ ಬೂಟು ಕಳಚಿ, ಇನ್ನೊಂದನ್ನು ಹಾಗೆಯೇ ಇಟ್ಟುಕೊಂಡು, ಹೊಸ್ತಿಲಲ್ಲಿ ನಿಂತು ದಾರಿ ಇಲ್ಲ, ದಾರಿ ಇಲ್ಲ ಎಂದಿರಿ. ಪೂರ್ತಿ ಸುಳ್ಳನಾಗಿದ್ದರೆ ಎರಡೂ ಬೂಟು ಕಳಚಿ ಒಳಗೆ ಬರುತ್ತಿದ್ದಿರಿ.'

ಚಪ್ಪಾಳೆ ಬಿತ್ತು. ಜೋರಾಗಿಯೇ ಬಿತ್ತು. ಗೋಡೆಗೆ ಒರಗಿದ್ದವರು ಶಿಳ್ಳೆ ಹಾಕಿದರು. ಆ ಗಲಾಟೆಯ ನಡುವೆ ಅಕ್ಕನ ಕೈ ಮಗಳ ಜಡೆಯಲ್ಲಿ ನಿಂತುಹೋದದ್ದು ನನಗೆ ಕಂಡಿತು. ಹೆಣ ಕಾದ ಮಾತು ನೋಟ್‌ಬುಕ್ಕಿನಲ್ಲಿ ಇರಲಿಲ್ಲ, ಅದು ತಾನಾಗಿ ನನ್ನ ಬಾಯಿಗೆ ಬಂದದ್ದು. ಅಕ್ಕನ ಅಪ್ಪನ ಸಾವಿನಿಂದಲೇ ಬಂತೆಂದು ಆಗಲೇ ಗೊತ್ತಾಯಿತು. ಬೂಟಿನ ಸಂಗತಿಯಂತೂ ಆ ಹೊಸ್ತಿಲಿನ ಆಚೆ ಈಚೆ ನಿಂತಿದ್ದ ಅಣ್ಣ, ಅಕ್ಕನನ್ನು ಬಿಟ್ಟು ಇನ್ನು ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ.

ಅಣ್ಣ ಕನ್ನಡಕ ತೆಗೆದರು. ಒರೆಸಿದರು. ಸಭೆ ಉತ್ತರಕ್ಕೆ ಕಾಯಿತು. ಅವರು ನನ್ನನ್ನು ನೋಡುತ್ತಿರಲಿಲ್ಲ, ಮುಂದಿನ ಸಾಲಿನ ನಡುವಿನ ಕುರ್ಚಿಯನ್ನು ನೋಡುತ್ತಿದ್ದರು. ಒರೆಸುವುದು ಮುಗಿಯಲಿಲ್ಲ. ಭಾಗವತರು ಎರಡು ಸಲ ತಾಳ ಕುಟ್ಟಿ ನೋಡಿ, ಕೊನೆಗೆ ಮಂಗಳದ ಪದವನ್ನೇ ಎತ್ತಿಬಿಟ್ಟರು.

ಕೆಳಗೆ ಚಹಾ ಕುಡಿಯುವಾಗ ಎಲ್ಲರೂ ನನ್ನನ್ನು ಹೊಗಳಿದರು. 'ಎಂತ ಮಾತು ಸಿಸ್ಟರೇ, ನಾಳೆಯಿಂದ ನಾನು ಎರಡೂ ಚಪ್ಪಲಿ ಬಿಟ್ಟೇ ಹೆಂಡತಿ ಹತ್ರ ಮಾತಾಡುವುದು,' ಎಂದರು ಬ್ಯಾರಿಗಳು. ಅಕ್ಕ ಮಗಳನ್ನು ಕರೆದುಕೊಂಡು ಆಗಲೇ ಕಾರಿನಲ್ಲಿ ಕೂತಾಗಿತ್ತು. ಅಣ್ಣ ನನ್ನ ಹತ್ತಿರ ಬಂದು, ಚಂದ ಆಯಿತು, ಪುಸ್ತಕ ಸರಿಯಾದವರ ಕೈಗೇ ಹೋಗಿತ್ತು ಎಂದರು.

ಆ ಮಾತು ನನ್ನನ್ನು ಚುಚ್ಚಿದ್ದು ಮನೆಗೆ ಹೋದ ಮೇಲೆ. ನಾಲ್ಕು ವರ್ಷ ತಾನು ಹೇಳಲಾರದೆ ಇದ್ದದ್ದನ್ನು ಈ ಮನುಷ್ಯ ನನ್ನ ಬಾಯಿಂದ ಹೇಳಿಸಿದರಲ್ಲ ಎಂದು ಸಿಟ್ಟು ಬಂತು. ನಾನು ಹಿಡಿಯುತ್ತೇನೆ ಎಂದು ಗೊತ್ತಿದ್ದೇ ಎಳೆ ಬಿಟ್ಟಿದ್ದರು, ಪಂಥವನ್ನೂ ಅವರೇ ಕಟ್ಟಿದ್ದರು. ಎಪ್ಪತ್ತು ಮಂದಿಯ ಎದುರು ಹೆಂಡತಿಗೆ ಸತ್ಯ ತಿಳಿಸಬೇಕಾದರೂ ಇವರಿಗೆ ಭಾಗವತರು ಬೇಕು, ಮದ್ದಳೆ ಬೇಕು, ಚಪ್ಪಾಳೆ ಬೇಕು. ಅಲ್ಲ, ಪಾಪ, ಬೇರೆ ದಾರಿ ಕಾಣದೆ ಹಾಗೆ ಮಾಡಿದರು ಎಂದು ನನ್ನ ಗಂಡ ಸಮಾಧಾನ ಹೇಳಿದರು. ನನಗೆ ಸಮಾಧಾನ ಆಗಲಿಲ್ಲ. ಗೆದ್ದೆ ಎಂದು ಚಪ್ಪಾಳೆಗೆ ತಲೆ ಬಾಗಿದವಳು ನಾನೇ ತಾನೆ.

ಮುಂದಿನ ಶುಕ್ರವಾರ ಅಕ್ಕ ನನ್ನನ್ನು ಊಟಕ್ಕೆ ಕರೆದರು, ಬರುವಾಗ ಇವರು ಬರೆದ ಆ ಪುಸ್ತಕ ತಾ ಎಂದರು. ಬಸಳೆ ಸಾರು, ಒಣ ಸಿಗಡಿ ಚಟ್ನಿ ಮಾಡಿದ್ದರು. ಮೂವರೂ ಉಂಡೆವು. ಮಗಳು ಒಳಗೆ ಟೀವಿ ನೋಡುತ್ತಿದ್ದಳು. ಎಲೆ ಎತ್ತಿದ ಮೇಲೆ ನಾನು ಪುಸ್ತಕ ಮೇಜಿನ ಮೇಲಿಟ್ಟೆ. ಅಕ್ಕ ಅದನ್ನು ತೆರೆಯಲಿಲ್ಲ.

'ಬೂಟಿನ ಮಾತು ಇದ್ರಲ್ಲಿ ಉಂಟಾ, ನೀನು ಕಟ್ಟಿದ್ದಾ?'

'ಇದ್ರಲ್ಲಿ ಉಂಟು ಅಕ್ಕ.'

ಅವರು ಗಂಡನ ಕಡೆ ತಿರುಗಿದರು. 'ಅಪ್ಪ ತೀರಿಕೊಂಡ ದಿವ್ಸ ಪಾಸ್‌ಪೋರ್ಟ್ ಎಲ್ಲಿತ್ತು?'

ಅಣ್ಣ ಕನ್ನಡಕಕ್ಕೆ ಕೈ ಹಾಕಿದರು. 'ನೋಡು, ಮನುಷ್ಯ ಒಂದು ಪ್ರಶ್ನೆಯ ಭಾರ ಹೊತ್ತು ನಡೀವಾಗ...'

'ಅರ್ಥ ಹೇಳ್ಬೇಡಿ,' ಎಂದರು ಅಕ್ಕ. 'ಉತ್ರ ಹೇಳಿ.'

ಅಣ್ಣನ ಕೈ ಅಲ್ಲೇ ನಿಂತಿತು. ಅದನ್ನು ಇಳಿಸಿ, ಆಫೀಸಿನಲ್ಲಿ ನನ್ನ ಮೇಜಿನ ಖಾನೆಯಲ್ಲಿ ಇತ್ತು ಎಂದರು. ಕಫೀಲ್ ಕೊಡಲಿಲ್ಲ ಎಂದದ್ದು? ಎಂದು ಅಕ್ಕ ಕೇಳಿದರು. ನಾನು ಅವನನ್ನು ಕೇಳಲೇ ಇಲ್ಲ ಎಂದರು ಅಣ್ಣ. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಅಷ್ಟು ಸಣ್ಣ ಮಾತು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಅವರು ಪುಸ್ತಕವನ್ನು ಅಕ್ಕನ ಕಡೆಗೆ ಸರಿಸಿ, ಎಲ್ಲ ಇದರಲ್ಲಿ ಬರೆದಿದ್ದೇನೆ, ಒಮ್ಮೆ ಓದು ಎಂದರು.

'ನಾನ್ಯಾಕೆ ಓದ್ಬೇಕು? ನಾಲ್ಕು ವರ್ಷ ನೀವು ಎದುರಿಗೇ ಇದ್ರಲ್ಲ,' ಎಂದು ಅಕ್ಕ ಎದ್ದು ಪಾತ್ರೆ ತೊಳೆಯಲು ಹೋದರು.

ಅಣ್ಣ ಆಮೇಲೆ ಎಲ್ಲಿಯೂ ಅರ್ಥ ಹೇಳಲಿಲ್ಲ. ಬಳಗದವರು ಕರೆದರೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದರು. ಎರಡು ವರ್ಷ ಕಳೆದು ದೂರದ ದುಕ್ಮ್ ಊರಿನ ಕಡೆಯ ಕೆಲಸಕ್ಕೆ ಹೆಸರು ಕೊಟ್ಟು, ಅಲ್ಲಿನ ಕ್ಯಾಂಪಿನಲ್ಲಿ ಒಬ್ಬರೇ ಇದ್ದರು. ರಜೆಗೆ ಮನೆಗೆ ಬರುತ್ತಿದ್ದರು. ಅಕ್ಕ ಅವರಿಗೆ ಬೇಯಿಸಿ ಹಾಕುವುದರಲ್ಲಿ, ಬಟ್ಟೆ ಇಸ್ತ್ರಿ ಮಾಡುವುದರಲ್ಲಿ ಒಂದು ದಿನವೂ ಕಡಿಮೆ ಮಾಡಲಿಲ್ಲ. ಅದನ್ನು ನೋಡಿ, ಎಲ್ಲ ಸರಿಹೋಯಿತು ಎಂದು ಅಬ್ಬಾಸ್ ಬ್ಯಾರಿಗಳು ಹೇಳುತ್ತಿದ್ದರು. ಗಂಡಸರಿಗೆ ಇಸ್ತ್ರಿಯ ಅಂಗಿ ಕಂಡರೆ ಸಾಕು.

ನಾನು ಹೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ. ಆ ಊಟದ ಮರು ವಾರ ಅಕ್ಕ ಆಸ್ಪತ್ರೆಗೇ ಬಂದು, ಕಫೀಲನ ಮನೆಗೆ ಹೋಗಬೇಕು, ನೀನು ಬಾ, ನನಗೆ ಅವರ ಭಾಷೆ ಬಾರದು ಎಂದರು. ಪಾಳಿ ಮುಗಿಸಿ ನಾಲ್ಕು ಗಂಟೆಗೆ ಹೋದೆವು. ಕಫೀಲ್ ಮನೆಯಲ್ಲಿ ಇರಲಿಲ್ಲ. ಅವರ ಹೆಂಡತಿ, ಅರುವತ್ತು ದಾಟಿದ ಹೆಂಗಸು, ನಮ್ಮನ್ನು ಒಳಗೆ ಕರೆದು ನೆಲದ ಮೇಲೆ ದಿಂಬು ಕೊಟ್ಟು ಕೂರಿಸಿದರು. ಹಲ್ವ ಬಂತು, ಖರ್ಜೂರ ಬಂತು, ಕಾಫಿ ಬಂತು. ಅಕ್ಕ ಯಾವುದನ್ನೂ ಮುಟ್ಟದೆ, ನಾಲ್ಕು ವರ್ಷದಿಂದ ನಾನು ನಿಮ್ಮ ಯಜಮಾನರಿಗೆ, ನಿಮಗೆ ಶಾಪ ಹಾಕಿದ್ದೇನೆ, ಅವರ ತಪ್ಪು ಇರಲಿಲ್ಲ, ಕ್ಷಮೆ ಕೇಳಲು ಬಂದೆ ಎಂದರು. ನಾನು ಅದನ್ನು ಇದ್ದ ಹಾಗೆಯೇ ಅರಬ್ಬಿಗೆ ಹೇಳಿದೆ.

ಆ ಹೆಂಗಸು ಅಕ್ಕನ ಕೈ ಹಿಡಿದುಕೊಂಡು, ನನ್ನ ಕಡೆ ನೋಡುತ್ತಾ ನಿಧಾನಕ್ಕೆ ಹೇಳಿದರು. ನಿನ್ನ ತಂದೆ ತೀರಿಕೊಂಡ ಸುದ್ದಿ ಆಫೀಸಿನವರು ತಿಳಿಸಿದ ಕೂಡಲೇ ನಾವಿಬ್ಬರೂ ನಿಮ್ಮ ಮನೆಯ ಕೆಳಗೆ ಕಾರು ತಂದಿದ್ದೆವು, ವಿಮಾನದಲ್ಲಿ ಜಾಗವನ್ನೂ ಗೊತ್ತು ಮಾಡಿದ್ದೆವು. ನಿನ್ನ ಗಂಡ ಗೇಟಿನಲ್ಲಿ ಬಂದು, ಅವಳಿಗೂ ಅವಳ ತಂದೆಗೂ ಮಾತಿಲ್ಲ, ಅವಳೇ ಹೋಗುವುದಿಲ್ಲ ಎನ್ನುತ್ತಿದ್ದಾಳೆ ಎಂದ. ಎಂಥ ಮಗಳಪ್ಪಾ ಎಂದು ನಾನೂ ಇಷ್ಟು ವರ್ಷ ನಿನ್ನ ಬಗ್ಗೆ ಕೆಟ್ಟದ್ದೇ ಯೋಚಿಸಿದೆ. ನೀನೂ ನನ್ನನ್ನು ಕ್ಷಮಿಸು.

ಈ ಸಂಗತಿ ಅಣ್ಣನ ಪುಸ್ತಕದಲ್ಲಿ ಇರಲಿಲ್ಲ. ಆ ದಿನ ಮೇಜಿನ ಎದುರು ಕೊಟ್ಟ ಉತ್ತರದಲ್ಲೂ ಇರಲಿಲ್ಲ.

ತಂದೆ ಎಂಬುದರ ಅರಬ್ಬಿ ಮಾತೊಂದು ಅಕ್ಕನಿಗೆ ಗೊತ್ತಿತ್ತು. 'ಅಪ್ಪನ ಬಗ್ಗೆ ಎಂತದೋ ಹೇಳಿದ್ರಲ್ಲ, ಎಂತ?' ಎಂದು ನನ್ನನ್ನು ಕೇಳಿದರು.

'ಹೋದವರಿಗೆ ದೇವರು ಒಳ್ಳೇದು ಮಾಡ್ಲಿ ಅಂತ. ಕಾಫಿ ಕುಡೀಬೇಕಂತೆ,' ಎಂದೆ.

ಅಕ್ಕ ಕುಡಿದರು. ಅಲ್ಲಿ ಸಾಕೆನ್ನಬೇಕಾದರೆ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು. ಅಷ್ಟು ವರ್ಷ ಆ ಊರಿನಲ್ಲಿದ್ದೂ ಆ ಜನರ ಮನೆಯ ಮೆಟ್ಟಿಲು ಹತ್ತದ ಅಕ್ಕನಿಗೆ ಅದು ತಿಳಿಯದು. ಆ ಹೆಂಗಸು ಬಟ್ಟಲು ತುಂಬಿಸುತ್ತಲೇ ಇದ್ದರು, ಅಕ್ಕ ಮರ್ಯಾದೆಗೆಂದು ಕುಡಿಯುತ್ತಲೇ ಇದ್ದರು. ನಾನು ಅದನ್ನೂ ಹೇಳಿಕೊಡಲಿಲ್ಲ.